ಅತ್ತೆಯ ಮೊಣಕಾಲು, ಹಿಂದಿನ ಚಕ್ರದ ಪಟ್ಟಿ

ನನ್ನ ಅತ್ತೆ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಹೇಳಲು ಜಾಗ ಸಿಗುವ ಲಕ್ಷಣ ಕಾಣುವುದಿಲ್ಲ. ಅವರು ಯಾರಿಗೂ ಕೇಡು ಬಗೆದವರಲ್ಲ, ಒಬ್ಬರ ಮನೆಯ ಮಾತನ್ನು ಇನ್ನೊಬ್ಬರ ಮನೆಗೆ ದಾಟಿಸಿದವರಲ್ಲ. ಆದರೆ ಕಾರಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಕೂತು, ಡ್ಯಾಶ್‌ಬೋರ್ಡಿನ ನಡುವೆ ಇರುವ ಪರದೆಯ ಮೇಲೆ ಕಣ್ಣು ನೆಟ್ಟು, "ಹಿಂದಿಂದು ಬರ್ಲಿಲ್ಲ ಕಣೇ" ಎಂದು ಶುರು ಮಾಡಿದರೆಂದರೆ, ಸ್ಟೀರಿಂಗ್ ಬಿಟ್ಟು ಇಳಿದು ಓಡಿಹೋಗೋಣ ಅನ್ನಿಸುತ್ತದೆ.

"ಹಿಂದಿಂದು" ಅಂದರೆ ಹಿಂದಿನ ಚಕ್ರಗಳು. ನಮ್ಮದು ಪೆಟ್ರೋಲ್ ಇಂಜಿನ್ನೂ ಬ್ಯಾಟರಿಯೂ ಎರಡೂ ಇರುವ ಹೈಬ್ರಿಡ್ ಕಾರು. ಮುಂದಿನ ಎರಡು ಚಕ್ರಗಳನ್ನು ಮುಂದಿರುವ ಇಂಜಿನ್ ನೋಡಿಕೊಳ್ಳುತ್ತದೆ. ಹಿಂದಿನ ಎರಡಕ್ಕೆ ಬೇರೆಯೇ ಒಂದು ವಿದ್ಯುತ್ ಮೋಟರು. ರಸ್ತೆ ಚೆನ್ನಾಗಿದ್ದಾಗ ಆ ಮೋಟರು ಸುಮ್ಮನೆ ಮಲಗಿರುತ್ತದೆ. ಮುಂದಿನ ಚಕ್ರ ಜಾರಿದರೆ, ಕೆಸರಿನಲ್ಲಿ ಹೂತರೆ, ನಿಂತಲ್ಲಿಂದ ಜೋರಾಗಿ ಹೊರಟರೆ, ತಾನಾಗಿಯೇ ಎದ್ದು ಹಿಂದಿನಿಂದ ತಳ್ಳುತ್ತದೆ. ಇದನ್ನೆಲ್ಲ ತೋರಿಸುವುದಕ್ಕೆ ಪರದೆಯ ಮೇಲೆ ಒಂದು ಪುಟ್ಟ ಕಾರಿನ ಚಿತ್ರ, ನಾಲ್ಕು ಚಕ್ರ, ಒಂದೊಂದು ಚಕ್ರದ ಪಕ್ಕ ಒಂದೊಂದು ಪಟ್ಟಿ. ಶಕ್ತಿ ಹೋದ ಚಕ್ರದ ಪಟ್ಟಿ ನೀಲಿಯಾಗಿ ತುಂಬುತ್ತದೆ, ಹೋಗದ್ದು ಖಾಲಿ. ಈ ಚಿತ್ರ ಬರೆದ ಪುಣ್ಯಾತ್ಮರು ಯಾರೋ ಗೊತ್ತಿಲ್ಲ. ಸಿಕ್ಕಿದರೆ ನಮ್ಮ ಅತ್ತೆಯನ್ನು ಒಂದು ವಾರ ಅವರ ಕಾರಿನಲ್ಲಿ ಕೂರಿಸಿ ಕಳಿಸುತ್ತೇನೆ.

ಅತ್ತೆಗೆ ಈ ಹುಚ್ಚು ಹತ್ತಿಸಿದ್ದು ಅವರ ಮಗನೇ, ಅಂದರೆ ನನ್ನ ಗಂಡ. ಅವರು ಗೂಡ್ಸ್ ರೈಲಿನ ಗಾರ್ಡು. ಇವತ್ತು ಇಲ್ಲಿ, ನಾಳೆ ಎಲ್ಲೋ. ಕಾರು ಮನೆಗೆ ಬಂದ ದಿನ ಅಮ್ಮನನ್ನು ಕೈಹಿಡಿದು ಕರೆದುಕೊಂಡು ಹೋಗಿ, ಪರದೆ ತೋರಿಸಿ, "ನೋಡಮ್ಮ, ಈ ನಾಲ್ಕೂ ಪಟ್ಟಿ ಹತ್ಕೊಂಡಿದ್ರೆ ಗಾಡಿ ಜಾರೋ ಮಾತೇ ಇಲ್ಲ. ನೀನು ಹಾಯಾಗಿ ಕೂತ್ಕೋ" ಎಂದರು. ಎಂದವರು ಮಾರನೆಯ ದಿನ ಡ್ಯೂಟಿಗೆ ಹೊರಟುಹೋದರು. ಹೇಳಿದವರು ಹೋದರು, ಅನುಭವಿಸುವುದಕ್ಕೆ ನಾನು ಉಳಿದೆ.

ಬೇರೆ ಯಾರಿಗೆ ಹೇಳಿದ್ದರೂ ಹೂಂ ಅಂದು ಮರೆಯುತ್ತಿದ್ದರು. ಅತ್ತೆ ಮರೆಯುವವರಲ್ಲ. ಅವರು ಕೆಲಸದಲ್ಲಿದ್ದ ಕಾಲವೆಲ್ಲ ಒಂದು ದೊಡ್ಡ ಆಫೀಸು ಕಟ್ಟಡದ ಲಿಫ್ಟ್ ನಡೆಸಿದವರು. ಈಗಿನ ಹಾಗೆ ಗುಂಡಿ ಒತ್ತಿದರೆ ಹೋಗುವ ಲಿಫ್ಟಲ್ಲ. ಮಡಚುವ ಕಬ್ಬಿಣದ ಬಾಗಿಲು ಎರಡೆರಡು, ಹಿಡಿಕೆ ತಿರುಗಿಸಿ ಏರಿಸಬೇಕು, ತಿರುಗಿಸಿ ಇಳಿಸಬೇಕು. ಮೂಲೆಯಲ್ಲಿ ಒಂದು ಸ್ಟೂಲು, ಅದರ ಮೇಲೆ ಅತ್ತೆ. ಕಟ್ಟಡದವರೆಲ್ಲ ಅವರನ್ನು ಲಿಫ್ಟಮ್ಮ ಅನ್ನುತ್ತಿದ್ದರು. ಬಾಗಿಲ ಮೇಲೆ ಸಾಲಾಗಿ ಮಹಡಿಗೊಂದು ದೀಪ. ಮಹಡಿಯ ದೀಪ ಹತ್ತದೆ ಬಾಗಿಲಿಗೆ ಕೈ ಹಾಕಬಾರದು. ಇದೇ ಕೆಲಸಕ್ಕೆ ಸೇರಿದ ದಿನ ಅವರಿಗೆ ಹೇಳಿಕೊಟ್ಟ ಪಾಠ, ಇದನ್ನೇ ಅವರು ನಿವೃತ್ತಿಯವರೆಗೂ ಪಾಲಿಸಿದರು.

ಒಂದು ಸಲ ಮೂರನೇ ಮಹಡಿಯ ಬಲ್ಬು ಸುಟ್ಟುಹೋಗಿತ್ತಂತೆ. ಲಿಫ್ಟಿನೊಳಗೆ ಕಟ್ಟಡದ ದೊಡ್ಡ ಅಧಿಕಾರಿಯೇ ನಿಂತಿದ್ದರು. "ಎದುರಿಗೇ ಮಹಡಿ ಕಾಣ್ತಾ ಇದೆಯಲ್ಲಮ್ಮ, ಬಾಗಿಲು ತೆಗಿ" ಎಂದು ಅವರು ಕೂಗಾಡಿದರು. "ಕಾಣ್ತಾ ಇದೆ ಸಾರ್, ಆದ್ರೆ ದೀಪ ಹೇಳ್ಲಿಲ್ಲ" ಎಂದು ಅತ್ತೆ ಅವರನ್ನು ಮತ್ತೆ ನೆಲಮಹಡಿಗೇ ತಂದು ಇಳಿಸಿದರು. ಆ ಮನುಷ್ಯ ಮೆಟ್ಟಿಲು ಹತ್ತಿ ಹೋದರು. ಈ ಕತೆಯನ್ನು ಅತ್ತೆ ಎಷ್ಟು ಸಲ ಹೇಳಿದ್ದಾರೋ, ಪ್ರತಿ ಸಲವೂ ತಮ್ಮ ಮಾತೇ ಸರಿ ಎಂಬ ಮುಖ ಮಾಡಿಕೊಂಡೇ ಹೇಳಿದ್ದಾರೆ.

ಮನೆಯಲ್ಲೂ ಹಾಗೇ. ಗೀಸರಿನ ಕೆಂಪು ದೀಪ ಆರದ ಹೊರತು ಸ್ನಾನಕ್ಕೆ ಇಳಿಯುವುದಿಲ್ಲ, ನೀರು ಹೊಗೆಯಾಡುತ್ತಿದ್ದರೂ ಸರಿ. ನೀರಿನ ಫಿಲ್ಟರಿನ ಹಸಿರು ದೀಪ ಕೆಟ್ಟು ಎರಡು ದಿನ ಪಕ್ಕದ ಮನೆಯ ನೀರು ಕುಡಿದರು. ಪಕ್ಕದ ಮನೆಯಲ್ಲಿ ಫಿಲ್ಟರೇ ಇಲ್ಲ! "ಇಲ್ಲದ್ದು ಬೇರೆ, ಇದ್ದೂ ಹೇಳದೆ ಇರೋದು ಬೇರೆ" ಅಂದರು. ಇಂಥವರ ಜೊತೆ ವಾದ ಮಾಡುವುದು ಹೇಗೆ? ನಾನು ನೀರು ಸರಬರಾಜು ಕಚೇರಿಯಲ್ಲಿ ದೂರಿನ ಫೋನು ಎತ್ತುವವಳು. ನಲ್ಲಿಯಲ್ಲಿ ನೀರು ಬರಲಿಲ್ಲ ಎಂದು ಊರಿನವರೆಲ್ಲ ಬೈಯುವುದು ನನ್ನನ್ನೇ. ಅಷ್ಟು ಜನರ ಬೈಗುಳ ತಡೆದುಕೊಂಡ ನನಗೆ ಅತ್ತೆಯ ಒಂದು "ಹಿಂದಿಂದು ಬರ್ಲಿಲ್ಲ" ತಡೆಯುವುದಕ್ಕೆ ಆಗುತ್ತಿರಲಿಲ್ಲ.

ಇಷ್ಟಕ್ಕೂ ಕಾರು ಬಂದದ್ದೇ ಅತ್ತೆಯ ಮೊಣಕಾಲಿಗಾಗಿ. ಅವರ ಬಲ ಮೊಣಕಾಲಿಗೆ ಆಪರೇಷನ್ ಆಯಿತು, ಸವೆದ ಕೀಲು ತೆಗೆದು ಹೊಸದು ಕೂರಿಸಿದರು. ಆಪರೇಷನ್ ಸರಿಯಾಗಿಯೇ ಆಯಿತು. ಕಷ್ಟ ಶುರುವಾದದ್ದು ಆಮೇಲೆ. ಹೊಸ ಕೀಲನ್ನು ಮಡಚಿ ಮಡಚಿ ಪಳಗಿಸಬೇಕು, ಇಲ್ಲದಿದ್ದರೆ ಹಾಗೆಯೇ ಸೆಟೆದು ಕೂತುಬಿಡುತ್ತದೆ. ಅದಕ್ಕಾಗಿ ವಾರಕ್ಕೆ ಮೂರು ಸಲ ಗುಡ್ಡದ ಮೇಲಿನ ಆಸ್ಪತ್ರೆಗೆ ವ್ಯಾಯಾಮಕ್ಕೆ ಹೋಗಬೇಕು. ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು: ಮಳೆಗಾಲ ಶುರುವಾಗುವ ಹೊತ್ತಿಗೆ ನಾನು ಮತ್ತೆ ನೋಡುತ್ತೇನೆ, ಅಷ್ಟರಲ್ಲಿ ಕುರ್ಚಿಯ ಮೇಲೆ ಕೂತವರ ಕಾಲು ಮಡಚುವಷ್ಟಾದರೂ ಮಡಚಬೇಕು. ಇಲ್ಲದಿದ್ದರೆ ಮತ್ತೆ ಅರಿವಳಿಕೆ ಕೊಟ್ಟು ಮಲಗಿಸಿ, ನಾವೇ ಬಲವಂತವಾಗಿ ಮಡಚಬೇಕಾಗುತ್ತದೆ.

ಅದನ್ನು ಕೇಳಿ ಅತ್ತೆಯ ಮುಖ ಬಿಳಿಚಿಕೊಂಡಿತು. ಮನೆಗೆ ಬಂದು ನನ್ನ ಕೈ ಹಿಡಿದುಕೊಂಡು, "ಇನ್ನೊಂದ್ಸಲ ಆ ಟೇಬಲ್ ಮೇಲೆ ಮಲಗಿಸ್ಬೇಡ್ವೇ. ಮಲಗಿಸಿದ್ರೆ ನಾನು ವಾಪಸ್ ಬರಲ್ಲ" ಎಂದರು. ಲಿಫ್ಟು ನಿಂತರೂ ಕಣ್ಣು ಮಿಟುಕಿಸದ ಹೆಂಗಸು ಅವರು. ಹಿಡಿದ ಕೈ ಬಿಡಲೇ ಇಲ್ಲ. "ಏನೂ ಆಗಲ್ಲ ಅತ್ತೆ, ನಾನು ಕರ್ಕೊಂಡು ಹೋಗ್ತೀನಿ, ಒಂದು ದಿನಾನೂ ತಪ್ಪಿಸಲ್ಲ" ಎಂದು ಮಾತು ಕೊಟ್ಟೆ. ಬೆಳಗಿನ ಪಾಳಿ ಬಿಟ್ಟು ಮಧ್ಯಾಹ್ನದ ಪಾಳಿ ಹಾಕಿಸಿಕೊಂಡೆ.

ಮೊದಲ ದಿನ ಹೊರಟೆವು. ಕಾಲು ಮಡಚುವುದಿಲ್ಲವಾದ್ದರಿಂದ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಬಲಗಾಲನ್ನು ಉದ್ದಕ್ಕೆ ಚಾಚಿಸಿ ಕೂರಿಸಿದೆ. ಗುಡ್ಡದ ರಸ್ತೆ ಕಾಂಕ್ರೀಟಿನದು, ಹೊಸದು, ಕನ್ನಡಿಯಂತಿದೆ. ಆದರೆ ಏರು ಮಾತ್ರ ಏರೇ. ಹೊರಡುವಾಗ ಒಂದು ಕ್ಷಣ ನಾಲ್ಕೂ ಪಟ್ಟಿ ತುಂಬಿದವು. ಆಮೇಲೆ ಹಿಂದಿನವೆರಡೂ ಖಾಲಿಯಾದವು.

"ಹೋಯ್ತು! ಹಿಂದಿಂದು ಹೋಯ್ತು!" ಎಂದು ಅತ್ತೆ ಕೂಗಿದ ಕೂಗಿಗೆ ನಾನು ಬ್ರೇಕ್ ತುಳಿದೆ. ಹಿಂದಿನ ಗಾಡಿಯವನು ಹಾರ್ನ್ ಹೊಡೆದು, ಪಕ್ಕಕ್ಕೆ ಬಂದು, ಕಿಟಕಿ ಇಳಿಸಿ, ಹೇಳಬಾರದ್ದನ್ನು ಹೇಳಿ ಹೋದ.

"ಅತ್ತೆ, ಅದು ಹಾಗೇನೇ. ಬೇಡದಿದ್ದಾಗ ಹೋಗುತ್ತೆ."

"ಏರಲ್ಲಿ ಬೇಡ ಅಂದ್ರೆ ಇನ್ನೆಲ್ಲಿ ಬೇಕು? ಮನೆ ಅಂಗಳದಲ್ಲಾ?"

ವ್ಯಾಯಾಮ ಮುಗಿಸಿ ಇಳಿಯುವಾಗ ಇನ್ನೊಂದು ರಗಳೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಆ ಶಕ್ತಿ ವಾಪಸ್ ಬ್ಯಾಟರಿಗೆ ಹೋಗುತ್ತದೆ, ಪರದೆಯ ಬಾಣಗಳು ಚಕ್ರದಿಂದ ಬ್ಯಾಟರಿಯ ಕಡೆಗೆ ತಿರುಗುತ್ತವೆ. "ಅಯ್ಯಯ್ಯೋ, ಇರೋದನ್ನೂ ಕಿತ್ಕೊಳ್ತಾ ಇದೆಯಲ್ಲೇ!" ಎಂದು ಅತ್ತೆ ಬಾಗಿಲ ಹಿಡಿ ಹಿಡಿದುಕೊಂಡರು. ಸಿಗ್ನಲಿನಲ್ಲಿ ಇಂಜಿನ್ ತಾನಾಗಿ ನಿಂತಿತು. "ಮುಗೀತು, ಗಾಡಿ ಸತ್ತೋಯ್ತು" ಅಂದರು. ಮನೆ ಮುಟ್ಟುವಷ್ಟರಲ್ಲಿ ನನ್ನ ತಲೆ ಚಿಟ್ಟು ಹಿಡಿದಿತ್ತು.

ನಾನು ಹೇಳಿದರೆ ಕೇಳುವುದಿಲ್ಲ, ಬಲ್ಲವರು ಹೇಳಿದರೆ ಕೇಳಿಯಾರು ಎಂದು ಕಾರನ್ನೂ ಅತ್ತೆಯನ್ನೂ ವರ್ಕ್‌ಶಾಪಿಗೆ ಕರೆದುಕೊಂಡು ಹೋದೆ. ಅಲ್ಲಿನ ಮೇಲ್ವಿಚಾರಕಿ ತಾಳ್ಮೆಯ ಹೆಂಗಸು. ಕಾರನ್ನು ಎತ್ತಿ, ಕೆಳಗಿನ ಮೋಟರು ತೋರಿಸಿ, ವಿವರಿಸಿದರು.

"ನೋಡಿ ಅಮ್ಮ, ಕೆಟ್ಟಿಲ್ಲ. ಇದು ಬೇಕಾದಾಗ ತಾನಾಗೇ ಬರುತ್ತೆ."

"ಬೇಕಾದಾಗ ಅಂದ್ರೆ ಯಾವಾಗ?"

"ಮುಂದಿನ ಚಕ್ರ ಜಾರಿದಾಗ."

"ಜಾರಿದ್ಮೇಲೆ ಬಂದು ಏನಮ್ಮ ಪ್ರಯೋಜನ?"

"ಕಣ್ಣು ಮಿಟುಕಿಸೋದ್ರೊಳಗೆ ಬರುತ್ತೆ ಅಮ್ಮ. ನಂಬಿ."

"ನಂಬ್ತೀನಿ. ಒಂದ್ಸಲ ತೋರ್ಸಿ" ಎಂದರು ಅತ್ತೆ. ವರ್ಕ್‌ಶಾಪಿನೊಳಗೆ ಗಾಡಿ ಜಾರಿಸಿ ತೋರಿಸುವುದು ಹೇಗೆ? ಆ ಹೆಂಗಸು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ವಾಪಸ್ ಬರುವಾಗ ಅತ್ತೆ, "ನೀನೂ ಫೋನಲ್ಲಿ ದಿನಾ ಬರುತ್ತೆ ಬರುತ್ತೆ ಅಂತೀಯ. ನಮ್ಮನೆ ನಲ್ಲೀಲೇ ನೀರಿರಲ್ಲ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಪರದೆಯನ್ನೇ ಬದಲಾಯಿಸಿಬಿಡೋಣ ಎಂದು ಒಂದು ದಿನ ಚಕ್ರದ ಚಿತ್ರ ತೆಗೆದು ರೇಡಿಯೋ ಹಾಕಿದೆ. ಗೇಟಿನ ಹತ್ತಿರ ಬಂದ ಅತ್ತೆ ಒಳಗೆ ಇಣುಕಿ ನೋಡಿ, ಊರುಗೋಲು ಊರಿಕೊಂಡು ನಿಂತುಬಿಟ್ಟರು. "ಮುಚ್ಚಿಟ್ಟಿದೀಯ ಅಂದ್ರೆ ಏನೋ ಕೆಟ್ಟಿದೆ ಅಂತಾನೇ ಅರ್ಥ. ನಾನು ಹತ್ತಲ್ಲ." ಏನು ಮಾಡಿದರೂ ಜಪ್ಪಯ್ಯ ಅನ್ನಲಿಲ್ಲ. ಚಿತ್ರ ವಾಪಸ್ ಹಾಕಿದೆ. ಆದರೂ ಅವತ್ತು ಹತ್ತಲಿಲ್ಲ, ಮುಂದಿನ ಸಲವೂ ಹತ್ತಲಿಲ್ಲ. ಒಂದು ದಿನವೂ ತಪ್ಪಿಸುವುದಿಲ್ಲ ಎಂದು ಮಾತು ಕೊಟ್ಟವಳು ನಾನು, ಕಾರಿನೊಳಗೆ ಒಬ್ಬಳೇ ಕೂತು ಹಣೆ ಚಚ್ಚಿಕೊಂಡೆ. ಗಂಡನಿಗೆ ಫೋನ್ ಮಾಡಿ, "ರೀ, ನೀವೇ ಹಚ್ಚಿದ್ದು, ನೀವೇ ಬಂದು ಆರಿಸಿ" ಎಂದೆ. "ಸ್ವಲ್ಪ ಅನುಸರಿಸ್ಕೊಂಡು ಹೋಗು, ವಯಸ್ಸಾಗಿದೆ" ಎಂದರು. ಎಷ್ಟೋ ಮೈಲಿ ದೂರದಲ್ಲಿ ಕೂತವರಿಗೆ ಅನುಸರಿಸುವುದು ಬಹಳ ಸುಲಭ.

ಕೊನೆಗೆ ಬೇಡಿಕೊಂಡು, ಗದರಿಸಿ, ಮತ್ತೆ ಬೇಡಿಕೊಂಡು ಹೊರಡಿಸಿದೆ. ಹೋಗುತ್ತಿದ್ದರೂ ಕಾಲು ಮಾತ್ರ ಮಡಚಲೊಲ್ಲದು. ವ್ಯಾಯಾಮ ಮಾಡಿಸುವ ಫಿಸಿಯೋ ಮೇಡಂ ಗಟ್ಟಿಮುಟ್ಟಾದ ಹೆಂಗಸು, ತೋಳು ಮಡಿಸಿ ನಿಂತರೆ ಬಾಗಿಲೇ ಮುಚ್ಚಿಹೋಗುತ್ತದೆ. ಅವರೂ ಸೋತರು. ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, "ಇವರ ತೊಡೆ ಬರೋವಾಗಲೇ ಕಲ್ಲಿನ ಹಾಗೆ ಬಿಗಿದಿರುತ್ತೆ. ಅದನ್ನ ಸಡಿಲ ಮಾಡೋದ್ರಲ್ಲೇ ಹೊತ್ತು ಹೋಗುತ್ತೆ, ಮಡಚೋದು ಯಾವಾಗ? ಬರೋವಾಗ ಏನು ಮಾಡ್ತಾರೆ ಇವರು?" ಎಂದು ಕೇಳಿದರು.

"ಕಾರಲ್ಲಿ ಸುಮ್ನೆ ಕೂತಿರ್ತಾರೆ ಮೇಡಂ" ಎಂದೆ. ಸುಮ್ಮನೆ ಅನ್ನುವ ಮಾತು ನನ್ನ ಬಾಯಲ್ಲಿ ಹೇಗೆ ಬಂತೋ.

ಅವತ್ತು ವಾಪಸ್ ಬರುವಾಗ ಅವರ ಕಾಲಿನ ಕಡೆ ನೋಡಿದೆ. ಕೆಳಗಿನ ರಬ್ಬರ್ ಮ್ಯಾಟು ಮುದುಡಿ ಮುಂದಕ್ಕೆ ಹೋಗಿತ್ತು. ಹಿಂದಿನ ಪಟ್ಟಿ ಖಾಲಿಯಾದ ಕ್ಷಣದಿಂದ ಅತ್ತೆ ಬಲಗಾಲನ್ನು ನೆಲಕ್ಕೆ ಒತ್ತಿ ಹಿಡಿದಿದ್ದರು, ಗಾಡಿಯನ್ನು ತಾವೇ ತಡೆದು ನಿಲ್ಲಿಸುವವರ ಹಾಗೆ. ಗುಡ್ಡ ಹತ್ತುವಷ್ಟು ಹೊತ್ತೂ ಒತ್ತು, ಇಳಿಯುವಷ್ಟು ಹೊತ್ತೂ ಒತ್ತು. ಕಾಲು ಮಡಚುವುದಕ್ಕೆಂದು ಕರೆದುಕೊಂಡು ಹೋಗುವ ದಾರಿಯಲ್ಲೇ ಕಾಲು ಸೆಟೆಯುತ್ತಿತ್ತು! ನಾನು ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ.

"ಅತ್ತೆ, ಕಾಲು ಬಿಡಿ. ಸಡಿಲ ಬಿಡಿ."

"ಬಿಟ್ಟೇ ಇದೀನಲ್ಲ."

"ಎಲ್ಲಿ ಬಿಟ್ಟಿದೀರಿ? ಮ್ಯಾಟ್ ಹರಿಯೋ ಹಾಗಿದೆ!"

"ಹಿಂದಿಂದು ಬರ್ಲಿ, ಬಿಡ್ತೀನಿ."

ಅದಾದ ವಾರ ಕಾಂಕ್ರೀಟು ರಸ್ತೆಯಲ್ಲಿ ಲಾರಿಯೊಂದು ಕೆಟ್ಟು ಅಡ್ಡ ನಿಂತಿತ್ತು. ಗುಡ್ಡದ ಹಿಂಬದಿಯಿಂದ ಕಲ್ಲು ಕ್ವಾರಿಯ ದಾರಿ ಒಂದಿದೆ. ಅದನ್ನು ರಸ್ತೆ ಅನ್ನುವುದು ಮರ್ಯಾದೆಗೆ. ಜಲ್ಲಿ, ಗುಂಡಿ, ಧೂಳು. ಟಿಪ್ಪರುಗಳು ಹೋಗಿ ಹೋಗಿ ಮಾಡಿದ ಕೊರಕಲು. ಬೇರೆ ದಾರಿ ಇಲ್ಲದೆ ಅದಕ್ಕೇ ಇಳಿಸಿದೆ. ಮುಂದಿನ ಚಕ್ರ ಜಲ್ಲಿಯಲ್ಲಿ ಪರ್ ಎಂದು ಜಾರಿತು. ಹಿಂದಿನ ಎರಡೂ ಪಟ್ಟಿ ಭಗ್ಗನೆ ತುಂಬಿದವು.

"ಬಂತು!" ಎಂದರು ಅತ್ತೆ. ಎಷ್ಟೋ ದಿನದ ಮೇಲೆ ಅವರ ಮುಖ ಅರಳಿತು. ಗಾಡಿ ಆ ಕಡೆ ಈ ಕಡೆ ವಾಲುತ್ತಿದೆ, ಕೆಳಗೆ ಕಲ್ಲು ಬಡಿಯುತ್ತಿದೆ, ನಾನು ಹಲ್ಲು ಕಚ್ಚಿಕೊಂಡು ಸ್ಟೀರಿಂಗ್ ಜೊತೆ ಗುದ್ದಾಡುತ್ತಿದ್ದೇನೆ. ಇವರು ನೀಲಿ ಪಟ್ಟಿ ನೋಡುತ್ತ, ಸೀಟಿಗೆ ಒರಗಿ, ಲಿಫ್ಟಿನಲ್ಲಿ ಒಬ್ಬ ಗುಮಾಸ್ತ ದಿನವೂ ತೂಕಡಿಸಿ ತನ್ನ ಮಹಡಿ ದಾಟಿ ಹೋಗುತ್ತಿದ್ದ ಕತೆ ಹೇಳಿದರು. ಬಲಗಾಲು ಸಡಿಲವಾಗಿ ಅಲುಗಾಡುತ್ತಿತ್ತು. ಆಸ್ಪತ್ರೆಯಲ್ಲಿ ಫಿಸಿಯೋ ಮೇಡಂ, "ಇವತ್ತು ಏನು ಮಾಡಿದ್ರಿ? ತೊಡೆ ಬೆಣ್ಣೆ ಹಾಗಿದೆ" ಎಂದು ಬೆನ್ನು ತಟ್ಟಿದರು.

ನೀವೇ ಹೇಳಿ, ನಾನೇನು ಮಾಡಬೇಕಿತ್ತು? ಅಪಾಯ ಇರುವಲ್ಲಿ ಹತ್ತುವ ಪಟ್ಟಿ ಅದು. ಹತ್ತಿದರೆ ರಸ್ತೆ ಕೆಟ್ಟಿದೆ ಎಂದು ಅರ್ಥ. ಆದರೆ ನಮ್ಮ ಅತ್ತೆಗೆ ಒಳ್ಳೆಯ ರಸ್ತೆಯಲ್ಲಿ ಜೀವ ಬಾಯಿಗೆ ಬರುತ್ತದೆ, ಕೆಟ್ಟ ರಸ್ತೆಯಲ್ಲಿ ನಿದ್ದೆ ಬರುತ್ತದೆ. ಹಾಗಾಗಿ ಅಂದಿನಿಂದ ಕನ್ನಡಿಯಂಥ ಕಾಂಕ್ರೀಟು ರಸ್ತೆಯನ್ನು ಬಿಟ್ಟು, ನಾನು ಬೇಕೆಂದೇ ಕ್ವಾರಿ ದಾರಿ ಹಿಡಿದೆ. ಟಿಪ್ಪರಿನವರು ನನ್ನನ್ನು ನೋಡಿ ನಗುತ್ತಿದ್ದರು. ಕಾರಿನ ಬಣ್ಣ ಯಾವುದು ಎಂದು ಮರೆತುಹೋಗುವಷ್ಟು ಧೂಳು. ನನ್ನ ಸೊಂಟ ಹಿಡಿದುಕೊಂಡಿತು. ಕಚೇರಿಯಲ್ಲಿ ಕುರ್ಚಿಯಿಂದ ಏಳುವಾಗ ಅಮ್ಮಾ ಎನ್ನುವಂತಾಯಿತು. ಒಬ್ಬರ ಮೊಣಕಾಲು ಸರಿಮಾಡಲು ಹೋಗಿ ಇನ್ನೊಬ್ಬರ ಸೊಂಟ ಮುರಿಯುವುದು ನಮ್ಮ ಮನೆಯಲ್ಲಿ ಮಾತ್ರ ಸಾಧ್ಯ. ಆದರೆ ಕಾಲು ಮಡಚತೊಡಗಿತು. ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ, ನೋಡನೋಡುತ್ತ ಇನ್ನೇನು ಕುರ್ಚಿಯ ಮಟ್ಟಕ್ಕೆ ಬಂತು. ನಾನು ತುಟಿಪಿಟಕ್ಕೆನ್ನದೆ ಕ್ವಾರಿ ದಾರಿಯಲ್ಲೇ ಓಡಿಸಿದೆ.

ಡಾಕ್ಟರು ಪರೀಕ್ಷೆ ಮಾಡುವ ದಿನ ಬಂತು. ಅತ್ತೆ ಹಿಂದಿನ ದಿನದಿಂದಲೇ ಮಾತು ಕಡಿಮೆ ಮಾಡಿದ್ದರು. ಬೇಗ ಹೊರಟು ಕ್ವಾರಿಯ ತಿರುವಿಗೆ ಬಂದರೆ, ಅಡ್ಡಲಾಗಿ ಡ್ರಮ್ಮುಗಳು, ಕೆಂಪು ಬಾವುಟ, ಕುದಿಯುವ ಡಾಂಬರಿನ ವಾಸನೆ. ಆ ದಾರಿಗೆ ಟಾರು ಹಾಕುತ್ತಿದ್ದರು! ಹುಟ್ಟಿದಾಗಿನಿಂದ ಟಾರು ಕಾಣದ ಆ ದಾರಿಗೆ ಅವತ್ತೇ ಟಾರು ಹಾಕಬೇಕೆ?

"ಇನ್ಮೇಲೆ ಒಳ್ಳೆ ರಸ್ತೆ ಆಗುತ್ತೆ ಮೇಡಂ" ಎಂದು ಬಾವುಟ ಹಿಡಿದವನು ಖುಷಿಯಿಂದ ಹೇಳಿದ. "ಯಾರಿಗಪ್ಪಾ ಬೇಕಾಗಿತ್ತು ನಿನ್ನ ಒಳ್ಳೆ ರಸ್ತೆ!" ಎಂದು ನಾನು ಕೂಗಿದೆ. ಪಾಪ, ಅವನು ಬಾವುಟ ಇಳಿಸಿ ಎರಡು ಹೆಜ್ಜೆ ಹಿಂದೆ ಸರಿದ.

ಕಾಂಕ್ರೀಟು ಏರಿನ ಬುಡಕ್ಕೆ ಬಂದು ಗಾಡಿ ಬದಿಗೆ ನಿಲ್ಲಿಸಿದೆ. ಅತ್ತೆಯ ಕಾಲು ಆಗಲೇ ಮ್ಯಾಟಿನ ಮೇಲೆ ಒತ್ತಿಕೊಂಡಿತ್ತು. ಹೀಗೇ ಮೇಲೆ ಹೋದರೆ ತೊಡೆ ಕಲ್ಲಾಗುತ್ತದೆ, ಡಾಕ್ಟರು ಕಾಲು ಹಿಡಿಯುತ್ತಾರೆ, ಮಡಚುವುದಿಲ್ಲ, ಮತ್ತೆ ಆ ಟೇಬಲ್ಲು. ಇಷ್ಟು ದಿನದ ಪಾಡೆಲ್ಲ ಈ ಒಂದು ಏರಿನಲ್ಲಿ ಹೋಗುತ್ತದೆ. ನನ್ನ ತಾಳ್ಮೆಯ ಕಟ್ಟೆ ಒಡೆಯಿತು.

"ಅತ್ತೆ, ಏನು ಹೆದ್ರಿಕೆ ನಿಮಗೆ? ಈ ರಸ್ತೇಲಿ ಒಂದು ದಿನ ಆದ್ರೂ ಗಾಡಿ ಜಾರಿದೆಯಾ? ಬೇಕಾದಾಗ ಅದು ಬಂದೇ ಬರುತ್ತೆ ಅಂತ ನೀವೇ ಕಣ್ಣಾರೆ ನೋಡಿದೀರ. ಇನ್ನೂ ಏನು ತೋರಿಸ್ಬೇಕು ನಿಮಗೆ?"

ಅತ್ತೆ ಪರದೆ ನೋಡುತ್ತಲೇ ಮೆಲ್ಲಗೆ ಹೇಳಿದರು. "ಬರುತ್ತೆ ಅಂತ ಗೊತ್ತು ಕಣೇ. ಬರ್ತಾ ಇದೆ ಅಂತ ಗೊತ್ತಾಗಲ್ವಲ್ಲ."

"ಅಂದ್ರೆ?"

"ಲಿಫ್ಟಲ್ಲಿ ಗಂಟೆ ಬಾರ್ಸೋ ಗುಂಡಿ ಒಂದಿತ್ತು. ನಡುವೆ ಸಿಕ್ಕಾಕ್ಕೊಂಡ್ರೆ ಒತ್ಬೇಕು. ಕೆಳಗಡೆ ವಾಚ್‌ಮನ್‌ಗೆ ಕೇಳಿಸಿದ್ರೆ ಅವನು ಅಲ್ಲಿಂದ ತನ್ನ ಗುಂಡಿ ಒತ್ತುತ್ತಾನೆ, ನಮ್ಮ ಗುಂಡಿ ಪಕ್ಕ ಒಂದು ಸಣ್ಣ ದೀಪ ಹತ್ತುತ್ತೆ. ಅಷ್ಟೇ. ಆ ದೀಪ ಹತ್ತಿದ್ರೆ ಎಷ್ಟು ಹೊತ್ತು ಬೇಕಾದ್ರೂ ಕೂತಿರ್ತಿದ್ದೆ. ಒಂದ್ಸಲ ಆಫೀಸು ಬಿಟ್ಟ ಮೇಲೆ ನಾನೊಬ್ಳೇ ಸಿಕ್ಕಾಕ್ಕೊಂಡೆ. ಒತ್ತಿದೆ, ಒತ್ತಿದೆ. ಹತ್ಲಿಲ್ಲ. ಆಮೇಲೆ ಬಂದು ಬಾಗಿಲು ತೆಗೆದು ಹೇಳ್ತಾನೆ, ಮೊದಲ ಗಂಟೆಗೇ ಕೇಳಿಸ್ತಮ್ಮ, ಮೆಕ್ಯಾನಿಕ್‌ನ ಕರೆಯೋಕೆ ಓಡಿದ್ದೆ ಅಂತ. ಅವನು ಬರ್ತಾನೇ ಇದ್ದ. ಸುಳ್ಳಲ್ಲ. ಆದ್ರೆ ಆ ಕತ್ಲೇಲಿ ನಾನು ಏನೇನು ಅಂದ್ಕೊಂಡೆ ಅಂತ ನನಗೇ ಗೊತ್ತು."

ನಾನು ಏನೋ ಹೇಳಲು ಬಾಯಿ ತೆಗೆದೆ. ಅವರು ನಿಲ್ಲಿಸಲಿಲ್ಲ.

"ಆಪರೇಷನ್ ಆದಾಗಲೂ ಅಷ್ಟೇ. ಎಚ್ಚರ ಆಯ್ತು. ಕಾಲು ಇದೆಯೋ ಇಲ್ವೋ ಗೊತ್ತಾಗ್ಲಿಲ್ಲ. ಕೂಗೋಣ ಅಂದ್ರೆ ಬಾಯಿ ಬರ್ಲಿಲ್ಲ. ಯಾರೂ ಇಲ್ಲ, ಇವ್ರೆಲ್ಲ ಬಿಟ್ಟು ಹೋದ್ರು ಅಂತಾನೇ ಅಂದ್ಕೊಂಡೆ. ನೀನು ಬಾಗಿಲಾಚೆ ಬೆಂಚಿನ ಮೇಲೆ ಊಟಾನೂ ಮಾಡ್ದೆ ಕೂತಿದ್ದೆ ಅಂತ ಆಮೇಲೆ ನರ್ಸ್ ಹೇಳಿದ್ಲು."

ಕೋಪ, ಸಂಕಟ, ಎರಡೂ ಒಟ್ಟಿಗೆ ಬಂದವು. ಮೊದಲು ಹೊರಬಿದ್ದದ್ದು ಕೋಪ. "ಹಾಗಾದ್ರೆ ನಾನೇನು ಮಾಡ್ಲಿ ಅತ್ತೆ? ನಾನಿದೀನಿ ಅಂತ ಗೊತ್ತಾಗೋಕೆ ಹಣೆ ಮೇಲೊಂದು ದೀಪ ಹಾಕಿಸ್ಕೊಳ್ಲಾ? ಪಾಳಿ ಬದಲಾಯಿಸ್ದೆ, ಸೊಂಟ ಮುರ್ಕೊಂಡೆ, ಆ ಹಾಳು ಕ್ವಾರಿ ದಾರೀಲಿ ಧೂಳು ತಿಂದೆ. ಇನ್ನೂ ಹೇಗೆ ಹೇಳ್ಬೇಕು?"

ಅತ್ತೆ ಮೊದಲ ಸಲ ಪರದೆಯಿಂದ ಕಣ್ಣು ಕಿತ್ತು ನನ್ನ ಕಡೆ ನೋಡಿದರು.

"ದೀಪ ಯಾಕೆ? ಬಾಯಿದೆಯಲ್ಲ" ಎಂದರು. "ಹೇಳ್ತಾ ಹೋಗು."

"ಏನಂತ?"

"ಇದೀನಿ ಅಂತ."

ನಾನು ಅವರ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಗಡಿಯಾರ ನೋಡಿದೆ, ಗೇರ್ ಹಾಕಿದೆ. ನಾಲ್ಕೂ ಪಟ್ಟಿ ಹತ್ತಿದವು, ಹಿಂದಿನವೆರಡೂ ಆರಿದವು.

"ಇದೀನಿ ಅತ್ತೆ" ಎಂದೆ. ನಾಚಿಕೆಯಿಂದ ನನ್ನ ಧ್ವನಿ ನನಗೇ ಕೇಳಿಸಲಿಲ್ಲ.

"ಜೋರಾಗಿ."

"ಇದೀನಿ ಅತ್ತೆ!"

ಹಾಗೆ ಆ ಏರನ್ನು ಹತ್ತಿದೆವು. ಇದೀನಿ ಅತ್ತೆ. ಇದೀನಿ. ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸುತ್ತ ಇದೀನಿ, ಎದುರಿನ ಬಸ್ಸಿಗೆ ದಾರಿ ಬಿಡುತ್ತ ಇದೀನಿ, ಹಿಂದಿನವನು ಹಾರ್ನ್ ಹೊಡೆದಾಗ ಅವನಿಗೊಂದು ಬೈದು ಮತ್ತೆ ಇದೀನಿ. ಕಚೇರಿಯಲ್ಲಿ ಊರಿಗೆಲ್ಲ ಉತ್ತರ ಹೇಳುವ ಹೆಂಗಸು ಕಾರಿನೊಳಗೆ ಗಿಳಿಯ ಹಾಗೆ ಒಂದೇ ಮಾತು ಒದರುತ್ತಿದ್ದೆ. ಅರ್ಧ ದಾರಿಯಲ್ಲಿ ಕೆಳಗೆ ನೋಡಿದೆ. ಅತ್ತೆಯ ಪಾದ ಮ್ಯಾಟಿನಿಂದ ಮೇಲೆದ್ದಿತ್ತು. ಅವರು ಕಣ್ಣು ಮುಚ್ಚಿದ್ದರು. ನನ್ನ ಕಣ್ಣು ಮಂಜಾಯಿತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ, ಹಾಗೆಯೇ ಓಡಿಸಿದೆ.

ಡಾಕ್ಟರು ಕಾಲನ್ನು ಮಂಚದ ಅಂಚಿಗೆ ತಂದು, ಪಾದ ಹಿಡಿದು, ಮೆಲ್ಲಗೆ ಹಿಂದಕ್ಕೆ ಒತ್ತಿದರು. ನಾನು ಗೋಡೆಗೆ ಒರಗಿ ಉಸಿರು ಬಿಗಿಹಿಡಿದೆ. ಕಾಲು ಹೋಯಿತು, ಹೋಯಿತು, ಕುರ್ಚಿಯ ಮಟ್ಟ ದಾಟಿ ಇನ್ನೂ ಒಂದು ಹಿಡಿ ಹಿಂದಕ್ಕೆ ಹೋಯಿತು. "ಚೆನ್ನಾಗಿದೆ. ಇನ್ನೇನೂ ಮಾಡೋದು ಬೇಡ. ಮನೇಲೇ ವ್ಯಾಯಾಮ ಮಾಡ್ಕೊಳ್ಳಿ" ಎಂದರು. ಅತ್ತೆ ಹೊರಗಿನ ಕಾರಿಡಾರಿನಲ್ಲಿ ನಿಂತು ಸೀರೆಯ ಸೆರಗಿನಿಂದ ಮೂಗು ಒರೆಸಿಕೊಂಡು, "ಟೇಬಲ್ ಇಲ್ವಂತೆ ಕಣೇ" ಎಂದರು, ನಾನು ಕೇಳಿಸಿಕೊಂಡಿಲ್ಲವೇನೋ ಎಂಬಂತೆ.

ಕಾರಿನ ಹತ್ತಿರ ಬಂದಾಗ ನಾನು ಮುಂದಿನ ಬಾಗಿಲು ತೆಗೆದು ಹಿಡಿದೆ. ಅವರು ಅದನ್ನು ದಾಟಿ ಹೋಗಿ, ಹಿಂದಿನ ಬಾಗಿಲು ತಾವೇ ತೆಗೆದು, ಕೂತು, ಬಲಗಾಲನ್ನು ಮಡಚಿ ಒಳಗೆ ತೆಗೆದುಕೊಂಡರು. ಅಲ್ಲಿಂದ ಪರದೆ ಕಾಣುವುದಿಲ್ಲ. ನಾನು ಬಾಗಿಲು ಮುಚ್ಚಿ ಬಂದು ಕೂತೆ.

ಇಳಿಜಾರು ಶುರುವಾಯಿತು. ಪರದೆಯ ಬಾಣಗಳು ಉಲ್ಟಾ ತಿರುಗಿದವು. ಹಿಂದಿನಿಂದ ಉಸಿರಾಟದ ಸದ್ದೂ ಇಲ್ಲ. ಹೆದರಿದರೇನೋ, ಮತ್ತೆ ಕಾಲು ಒತ್ತಿ ಹಿಡಿದರೇನೋ ಎಂದು ನನಗೇ ಗಾಬರಿಯಾಯಿತು.

"ಇದೀನಿ ಅತ್ತೆ" ಎಂದೆ.

ಸದ್ದಿಲ್ಲ.

"ಇದೀನಿ ಅತ್ತೆ!"

"ಕೇಳಿಸ್ತು ಮಾರಾಯ್ತಿ" ಎಂದರು ಹಿಂದಿನಿಂದ, ನಿದ್ದೆ ಕೆಟ್ಟವರ ಸಿಡುಕಿನಲ್ಲಿ. "ಎಷ್ಟು ಸಲ ಹೇಳ್ತೀಯ? ಸುಮ್ನೆ ಗಾಡಿ ಓಡ್ಸು."